ಮಾನ್ಯಖೇಟದ ಸಭೆಯೂ ಶೋಫಲಕ್ಷಣವೂ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದೀತೀರದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಆಸ್ಥಾನವು ಕಾವ್ಯಲಕ್ಷಣಕ್ಕೆ ಪ್ರಸಿದ್ಧವಾದಷ್ಟು ವೈದ್ಯಕ್ಕೆ ಪ್ರಸಿದ್ಧವಾಗಲಿಲ್ಲ. ಆದರೆ 1940ರಲ್ಲಿ ಸೊಲ್ಲಾಪುರದಲ್ಲಿ ಮುದ್ರಿತವಾದ ಉಗ್ರಾದಿತ್ಯಾಚಾರ್ಯನ ‘ಕಲ್ಯಾಣಕಾರಕ’ದ ಹಿತಾಹಿತಾಧ್ಯಾಯದಲ್ಲಿ, ಔಷಧದಲ್ಲಿ ಮಾಂಸವು ನಿಷ್ಫಲವೆಂಬ ವಾದವು ನೃಪತುಂಗವಲ್ಲಭನ ಸಭೆಯಲ್ಲಿ ನಡೆಯಿತೆಂದು ಹೇಳಿದೆ. ಮೂಲಗ್ರಂಥವು ರಾಮಗಿರಿಯಲ್ಲಿ ರಚಿತವಾದುದರಿಂದ ಅದನ್ನು ಮಳಖೇಡದ ಕೃತಿಯೆನ್ನಲಾಗದು. ಆ ವಾದವನ್ನು ಮಾತ್ರ ಈ ಸಭೆಯೊಡನೆ ಸೇರಿಸಬಹುದು.

ಅಂಥ ಸಭೆಯ ವೈದ್ಯರಿಗೆ ಆಧಾರವಾಗಿದ್ದ ಪ್ರಾಚೀನಶಾಸ್ತ್ರದ ಬಲವನ್ನು ಒಂದು ರೋಗದಿಂದ ಪರೀಕ್ಷಿಸೋಣ. ಕನ್ನಡದಲ್ಲಿ ಬಾವು ಎನ್ನುವುದನ್ನೇ ಶಾಸ್ತ್ರಕಾರರು ಶೋಫ, ಶೋಥ, ಶ್ವಯಥು ಎಂದಿದ್ದಾರೆ. ಚರಕನ ಮತದಲ್ಲಿ ವಾತಜಶೋಥವು ಒತ್ತಿ ಬಿಟ್ಟೊಡನೆ ಮೇಲೇಳುವುದು, ಹಗಲಲ್ಲಿ ಪ್ರಬಲವು. ಕಫಜವು ಭಾರವಾದುದು, ಒತ್ತಿದ ಕುಳಿ ತುಂಬದು, ರಾತ್ರಿಯಲ್ಲಿ ಪ್ರಬಲವು. ಪಾದದಲ್ಲಿ ಹುಟ್ಟಿ ಸರ್ವಾಂಗಕ್ಕೆ ಹಬ್ಬುವ ಬಾವು ಕಷ್ಟಸಾಧ್ಯವು. ಜಲೋದರದಲ್ಲಿ ಹೊಟ್ಟೆಯು ನೀರು ತುಂಬಿದ ಚರ್ಮದ ಚೀಲದಂತೆ ಅಲುಗುವುದು. ಸುಶ್ರುತನು ನಾಭಿಯ ಕೆಳಗೆ ಎಡಗಡೆಯಲ್ಲಿ ಚುಚ್ಚಿ ನೀರನ್ನು ತೆಗೆಯಲು ವಿಧಿಸಿ, ಎಲ್ಲವನ್ನೂ ಒಂದೇ ದಿನ ತೆಗೆಯಬಾರದೆಂದು ಎಚ್ಚರಿಸಿದ್ದಾನೆ.

ಬೆರಳಿನಿಂದ ಒತ್ತಿ ಕುಳಿಯನ್ನು ನೋಡುವ ಈ ಪರೀಕ್ಷೆಯನ್ನು ಇಂದಿನ ವೈದ್ಯರೂ ಕಾಲಿನ ಮುಂಗಾಲೆಲುಬಿನ ಮೇಲೆ ಮಾಡುವರು. ಆದರೆ ಕಾರಣನಿರೂಪಣೆಯು ಬದಲಾಗಿದೆ. ಹೃದಯ, ಮೂತ್ರಪಿಂಡ, ಯಕೃತ್ತುಗಳ ವೈಕಲ್ಯವೂ ರಕ್ತದಲ್ಲಿ ಆಲ್ಬುಮಿನ್ನಿನ ಕೊರತೆಯೂ ಬಾವಿಗೆ ಮುಖ್ಯಕಾರಣಗಳೆಂದು ತಿಳಿದಿದೆ. ಸಂಜೆಗೆ ಪಾದಗಳು ಬಾತುಕೊಳ್ಳುವುದು ಹೃದಯದೌರ್ಬಲ್ಯದಲ್ಲಿಯೂ, ಬೆಳಗ್ಗೆ ಕಣ್ಣಿನ ಸುತ್ತ ಬಾವು ಬರುವುದು ಮೂತ್ರಪಿಂಡದ ರೋಗದಲ್ಲಿಯೂ ಕಾಣುವುದುಂಟು. ತ್ರಿದೋಷವಿಭಾಗವನ್ನು ಈ ಅವಯವಗಳಿಗೆ ಒಂದಕ್ಕೊಂದರಂತೆ ಹೊಂದಿಸುವ ಸಾಹಸವು ಮಾತ್ರ ಯುಕ್ತವಲ್ಲ. ಗುರುಕುಲದಲ್ಲಿ ಈ ಶ್ಲೋಕಗಳನ್ನು ಕಂಠಪಾಠ ಮಾಡಿದ ನನ್ನಂಥವನು ಇದನ್ನು ಹೇಳಲೇಬೇಕಾಗಿದೆ.

ಪ್ರಾಚೀನರ ಲಕ್ಷಣದೃಷ್ಟಿಯು ಆದರಣೀಯವು. ಆ ಆದರವೇ ಚಿಕಿತ್ಸೆಗೆ ವಿಳಂಬವನ್ನುಂಟುಮಾಡಿದರೆ ಅಪಾಯವು. ಒಂದೇ ಕಾಲು ಥಟ್ಟನೆ ನೋವಿನೊಡನೆ ಬಾತರೆ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಾವಿನೊಡನೆ ಉಸಿರು ಕಟ್ಟಿದರೆ ತಡಮಾಡುವಂತಿಲ್ಲ. ಚಿತ್ತಾಪುರದವರಾಗಲಿ, ವಾಡಿ, ಶಹಾಬಾದ, ಚಿಂಚೋಳಿಗಳವರಾಗಲಿ, ಆಗ ಗ್ರಂಥವನ್ನು ಮುಚ್ಚಿಟ್ಟು ಆಸ್ಪತ್ರೆಗೆ ಧಾವಿಸುವುದೇ ಯುಕ್ತವು. ಕಂಡುದನ್ನು ಕಂಡಂತೆ ಬರೆದಿಟ್ಟ ಪೂರ್ವಿಕರಿಗೂ ಇದು ಸಮ್ಮತವೇ ಆಗುತ್ತಿತ್ತೆಂದು ನನ್ನ ನಂಬಿಕೆ.