ಚೀನೀ ಜನಾಂಗಶಾಸ್ತ್ರ

ಚೀನೀ ಜನಾಂಗಶಾಸ್ತ್ರ: ಚೀನದ ಎಲ್ಲೆಯೊಳಗಿನ ನಾನಾ ಜನಾಂಗಗಳ ಉತ್ಪತ್ತಿ, ಆಚಾರ, ಸಮಾಜವ್ಯವಸ್ಥೆಗಳನ್ನು ಕುರಿತು ಆ ದೇಶದಲ್ಲಿ ಬೆಳೆದುಬಂದ ಶಾಸ್ತ್ರ. ಗಡಿನಾಡಿನ ಜನರ ವೃತ್ತಾಂತಗಳನ್ನು ಬರೆದಿಡುವ ಪರಿಪಾಟಿ ಇತಿಹಾಸಕಾರ ಸ್ಸುಮಾ ಛಿಯೆನ್ನನ ಕಾಲದಿಂದಲೂ ಅಲ್ಲಿ ಇದ್ದಿತಾದರೂ, ವಿದ್ಯಾಪೀಠಗಳಲ್ಲಿ ಅಧ್ಯಯನಯೋಗ್ಯವಾದ ವಿಷಯವೆಂಬ ಮನ್ನಣೆಯನ್ನು ಇದು ಪಡೆದುದು ಇಪ್ಪತ್ತನೆಯ ಶತಮಾನದಲ್ಲಿ. ಅರಿಯುವವರ ಕುತೂಹಲದ ಜೊತೆಗೆ ಆಳುವವರ ಪ್ರಯೋಜನವೂ ಮೊದಲಿನಿಂದಲೇ ಇದರಲ್ಲಿ ಹೆಣೆದುಕೊಂಡಿದ್ದಿತು.

ಜರ್ಮನಿಯಲ್ಲಿ ವ್ಯಾಸಂಗಮಾಡಿದ್ದ ತ್ಸಾಯ್ ಯುವಾನ್‌ಪೇ 1926ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಶಾಸ್ತ್ರದ ಸ್ವರೂಪವನ್ನು ನಿರೂಪಿಸಿ, ಎರಡು ವರ್ಷಗಳ ತರುವಾಯ ಅಕಾಡೆಮಿಯಾ ಸಿನಿಕಾ ಸಂಸ್ಥೆಯ ಅಧ್ಯಕ್ಷನಾದಾಗ ಅಲ್ಲಿ ಇದಕ್ಕೊಂದು ವಿಭಾಗವನ್ನು ಕಲ್ಪಿಸಿದನು. ಪ್ಯಾರಿಸ್ಸಿನಲ್ಲಿ ಕಲಿತುಬಂದ ಲಿಂಗ್ ಛುನ್‌ಷೆಂಗ್ 1930ರಲ್ಲಿ ಸುಂಗಾರಿ ನದಿಯ ಕೆಳಪಾತ್ರಕ್ಕೆ ತೆರಳಿ, ಮೀನಿನ ತೊಗಲನ್ನು ಹದಮಾಡಿ ಉಡುಪು ಹೊಲಿದುಕೊಳ್ಳುತ್ತಿದ್ದ ಹೆಜೆ ಜನರನ್ನು ಕಣ್ಣಾರೆ ಕಂಡು ಬರೆದ ಗ್ರಂಥವು 1934ರಲ್ಲಿ ಹೊರಬಂದಿತು. ಚೀನೀಯರು ಕ್ಷೇತ್ರಕಾರ್ಯದಿಂದ ರಚಿಸಿದ ಮೊದಲ ಪ್ರೌಢ ಕೃತಿಗಳಲ್ಲಿ ಅದು ಒಂದು.

ನಾನ್‌ಜಿಂಗಿನ ವಿದ್ವಾಂಸರು ಇತಿಹಾಸ ಮತ್ತು ಭೌತಿಕ ಸಂಸ್ಕೃತಿಯತ್ತ ಒಲಿದಿದ್ದರೆ, ಉತ್ತರದ ಯೆಂಚಿಂಗ್ ವಿಶ್ವವಿದ್ಯಾಲಯದಲ್ಲಿ ವು ವೆನ್‌ತ್ಸಾವ್ ಬದುಕುತ್ತಿರುವ ಸಮುದಾಯಗಳ ಒಳಗಿನ ನಡೆಯನ್ನು ಅರಿಯುವ ಮಾರ್ಗವನ್ನು ಶಿಷ್ಯರಿಗೆ ಬೋಧಿಸಿದನು. ಆ ಶಿಷ್ಯರಲ್ಲಿ ಅಗ್ರಗಣ್ಯನಾದ ಫೇ ಷಿಯಾವ್‌ಥುಂಗ್, 1935ರಲ್ಲಿ, ನವವಿವಾಹಿತೆಯಾದ ವಾಂಗ್ ಥುಂಗ್‌ಹುಯಿಯೊಡನೆ ಗ್ವಾಂಗ್‌ಷಿಯ ಯಾವ್ ಜನರ ಬೆಟ್ಟಗಳನ್ನು ಹೊಕ್ಕನು. ದಾರಿತಪ್ಪಿದ ಅವನು ಹುಲಿಗೆಂದು ಒಡ್ಡಿದ್ದ ಬೋನಿನಲ್ಲಿ ಸಿಕ್ಕಿ ಗಾಯಗೊಂಡು ಬೀಳಲು, ನೆರವನ್ನು ಅರಸಿಹೋದ ಆಕೆ ತೊರೆಯಲ್ಲಿ ಮುಳುಗಿ ತೀರಿಕೊಂಡಳು. ಅವರಿಬ್ಬರೂ ಕೂಡಿಹಾಕಿದ ಸಾಮಗ್ರಿಯನ್ನು ಫೇ ಮರುವರ್ಷವೇ ಪುಸ್ತಕವಾಗಿಸಿದನು. ಮುಂದೆ ಲಂಡನ್ನಿನಲ್ಲಿ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿಯ ಬಳಿ ಸಿದ್ಧಪಡಿಸಿ 1939ರಲ್ಲಿ ಪ್ರಕಟಿಸಿದ ಅವನ ಗ್ರಾಮಾಧ್ಯಯನ ಲೋಕಪ್ರಸಿದ್ಧವಾಯಿತು.

ಜಪಾನೀಯರ ದಾಳಿಯಿಂದ ವಿಶ್ವವಿದ್ಯಾಲಯಗಳು ನೈಋತ್ಯದ ಪರ್ವತಪ್ರಾಂತಗಳಿಗೆ ವಲಸೆಹೋದುದು ಈ ಶಾಸ್ತ್ರದ ಪಾಲಿಗೆ, ವಿಪರೀತವೆನಿಸಿದರೂ, ವರವೇ ಆಯಿತು. ಲಿಯಾಂಗ್‌ಷಾನ್ ಪರ್ವತದ ಯೀ ಜನರನ್ನು ಕುರಿತ ಲಿನ್ ಯಾವ್‌ಹ್ವಾನ ಅಧ್ಯಯನ (1943) ಆ ಕಾಲದ ಫಲ.

ಕಮ್ಯೂನಿಸ್ಟ್ ಆಡಳಿತದಲ್ಲಿ ಸಮಾಜಶಾಸ್ತ್ರವನ್ನು 1952ರಲ್ಲಿ ವಿಶ್ವವಿದ್ಯಾಲಯಗಳಿಂದ ತೆಗೆದುಹಾಕಲಾಯಿತಾದರೂ, ಜನಾಂಗಶಾಸ್ತ್ರಜ್ಞರು ಕೆಲಸವಿಲ್ಲದೆ ಕೂರಲಿಲ್ಲ. 1953ರ ಜನಗಣತಿಯಲ್ಲಿ ಜನರು ತಮ್ಮ ಜನಾಂಗದ ಹೆಸರುಗಳೆಂದು ಬರೆಸಿದವು ನಾನೂರಕ್ಕೂ ಹೆಚ್ಚು. ಯುನ್ನಾನ್ ಪ್ರಾಂತವೊಂದರಿಂದಲೇ ಇನ್ನೂರ ಅರುವತ್ತಕ್ಕೂ ಮಿಗಿಲಾಗಿ ಬಂದವು. ಯಾವುವು ಸ್ವತಂತ್ರ ಜನಾಂಗ, ಯಾವುವು ಒಂದೇ ಜನಾಂಗದ ಕವಲು ಎಂಬುದನ್ನು ನಿರ್ಣಯಿಸಲು, ಲಿನ್‌ನ ನೇತೃತ್ವದಲ್ಲಿ ತಂಡವೊಂದು 1954ರಲ್ಲಿ ಆ ಪ್ರಾಂತಕ್ಕೆ ಹೋಯಿತು. ಭಾಷೆ, ನೆಲ, ಆರ್ಥಿಕ ಜೀವನ, ಮನೋಧರ್ಮ ಎಂಬ ಸ್ಟಾಲಿನ್ನನ ನಾಲ್ಕು ಲಕ್ಷಣಗಳು ಅಧಿಕೃತ ಸೂತ್ರವಾಗಿದ್ದರೂ, ಆ ಬೆಟ್ಟಗಾಡಿನಲ್ಲಿ ಅವು ಯಥಾವತ್ತಾಗಿ ಒಗ್ಗಲಿಲ್ಲ. ಕಾರ್ಯತಃ ಭಾಷಾಸಾಮ್ಯವೇ ಹೆಚ್ಚು ಬಳಕೆಗೆ ಬಂದಿತು. 1956ರಲ್ಲಿ ಮೊದಲಾದ ಸಾಮಾಜಿಕ ಇತಿಹಾಸದ ಸಮೀಕ್ಷೆ ಸಂಗ್ರಹಿಸಿದ ಸಾಮಗ್ರಿ ಅಪಾರ. ಆದರೆ ಮರುವರ್ಷ ಫೇ 'ಬಲಪಂಥೀಯ'ನೆಂಬ ದೂಷಣೆಗೆ ಗುರಿಯಾದನು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಶಾಸ್ತ್ರವೇ ಮೂಕವಾಯಿತು. ಅತ್ತ, ತೈವಾನಿಗೆ ಹೋಗಿದ್ದ ಲಿಂಗ್ ಅಲ್ಲಿ ಅಕಾಡೆಮಿಯಾ ಸಿನಿಕಾದ ಜನಾಂಗಶಾಸ್ತ್ರ ಸಂಸ್ಥೆಯನ್ನು ಕಟ್ಟಿದನು.

1979ರಲ್ಲಿ ಜಿನೊ ಜನರಿಗೆ ಮನ್ನಣೆ ದೊರೆತು ಬಹುಸಂಖ್ಯಾತರಾದ ಹಾನರೂ ಸೇರಿ ಜನಾಂಗಗಳ ಸಂಖ್ಯೆ 56ಕ್ಕೆ ನಿಂತಿತು. ಹಲವು ಬೇರುಗಳಿಂದ ಬಂದ ಈ ಜನಾಂಗಗಳು ಏಕದೇಹವಾದ ಬಗೆಯನ್ನು ಫೇ 1988ರಲ್ಲಿ ಹಾಂಗ್‌ಕಾಂಗಿನ ಉಪನ್ಯಾಸದಲ್ಲಿ ಪ್ರತಿಪಾದಿಸಿದನು. ಗ್ವಿಜೋ ಪ್ರಾಂತದ ಛುವಾನ್‌ಛಿಂಗ್ ಜನರನ್ನಾದರೋ ಹಾನರೆಂದೇ ವಿದ್ವಾಂಸರು ನಿರ್ಣಯಿಸಿದರೂ, ಅದನ್ನು ಒಪ್ಪದ ಆ ಜನರು ಅಧಿಕೃತ ಲೆಕ್ಕದಲ್ಲಿ ಇಂದಿಗೂ 'ಗುರುತಿಸದ ಜನಾಂಗ'ದವರಾಗಿಯೇ ಉಳಿದಿದ್ದಾರೆ.