ಹೇಮಾವತೀ ತೀರದ ಗಡಿಸೀಮೆಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸದ್ಭಕ್ತರಿಗೆ ಇಂದು ಗಡಿಯೆಂದರೆ ರಸ್ತೆಯಂಚಿನ ಒಂದು ಕಲ್ಲು ಮಾತ್ರ. ಹದಿನೇಳನೆಯ ಶತಮಾನದಲ್ಲಿ ಇದು ಹೀಗಿರಲಿಲ್ಲ. ಪಡುವಲಲ್ಲಿ ಬಲಂ ಸೀಮೆಯ ನಾಯಕರು, ವಾಯವ್ಯದಲ್ಲಿ ಇಕ್ಕೇರಿಯ ಅರಸರು, ನೈರುತ್ಯದಲ್ಲಿ ಹಾಲೇರಿ ವಂಶದ ಕೊಡಗಿನ ರಾಜರು, ತೆಂಕಣದಿಂದ ಬೆಳೆದುಬರುತ್ತಿದ್ದ ಮೈಸೂರಿನ ಒಡೆಯರು. ಈ ನಾಲ್ವರ ನಡುವೆ ಹೇಮಾವತಿಯ ಇಕ್ಕೆಲದ ಗ್ರಾಮಗಳು ಸಿಕ್ಕಿಬಿದ್ದಿದ್ದುವು.

ಚನ್ನರಾಯಪಟ್ಟಣವು 1633ರಲ್ಲಿಯೂ ಹೊಳೆನರಸೀಪುರವು 1667ರಲ್ಲಿಯೂ ಮೈಸೂರಿಗೆ ಸೇರಿದುವು. ಅರಕಲಗೂಡಿನ ಗತಿಯು ಅಷ್ಟು ಸರಳವಾದುದಲ್ಲ. ಐಗೂರಿನ ಕೃಷ್ಣಪ್ಪನಾಯಕನು 1568ರ ಸುಮಾರಿನಲ್ಲಿ ಕಟ್ಟಿಸಿದ ಕೋಟೆಯನ್ನು 1647ರಲ್ಲಿ ಕಂಠೀರವ ನರಸರಾಜ ಒಡೆಯರು ಗೆದ್ದರು. ಇಕ್ಕೇರಿಯ ಶಿವಪ್ಪನಾಯಕನು ಅದನ್ನು ಮರಳಿ ಹಿಡಿದನು. ಕಡೆಗೆ 1694ರಲ್ಲಿ ಚಿಕ್ಕದೇವರಾಜ ಒಡೆಯರು ಸ್ವಾಧೀನಪಡಿಸಿಕೊಂಡರು. ಒಂದೇ ಮನೆಯ ಅಜ್ಜನೂ ಮಗನೂ ಮೊಮ್ಮಗನೂ ಬೇರೆಬೇರೆ ದೊರೆಗಳಿಗೆ ಕಂದಾಯ ತೆತ್ತಿರಬೇಕು.

ಇಕ್ಕೇರಿಯವರೂ ಕೊಡಗಿನ ರಾಜರೂ ವೀರಶೈವರು. ಹಾಲೇರಿಯ ಮೂಲಪುರುಷನು ಇಕ್ಕೇರಿಯ ಮನೆತನದವನೆಂದೂ ಜಂಗಮವೇಷದಲ್ಲಿ ಕೊಡಗನ್ನು ಪ್ರವೇಶಿಸಿದನೆಂದೂ ಐತಿಹ್ಯವಿರುವುದು. ಕಾವಿಯನ್ನೂ ಜೋಳಿಗೆಯನ್ನೂ ಯಾವ ಸುಂಕದ ಕಟ್ಟೆಯೂ ತಡೆಯುತ್ತಿರಲಿಲ್ಲವೆಂಬುದಕ್ಕೆ ಈ ಐತಿಹ್ಯವೇ ಸಾಕ್ಷಿ. ಆದರೆ ಅರಸರು ಲಿಂಗಧಾರಿಗಳಾದ ಮಾತ್ರಕ್ಕೆ ಗಡಿಯ ಒಕ್ಕಲು ಸುಖವಾಗಿದ್ದಿತೆಂದು ನಾವು ಹೆಮ್ಮೆಪಡುವಂತಿಲ್ಲ. ಅರಕಲಗೂಡಿನ ಹೊಲಗಳನ್ನು ಶಿವಪ್ಪನಾಯಕನ ಕುದುರೆಗಳೂ ತುಳಿದುವು.

ಈ ಪ್ರಾಂತದಲ್ಲಿ ವಿಶೇಷವಾಗಿ ಗಮನಿಸತಕ್ಕುದು ಏಳುಸಾವಿರ ಸೀಮೆಯ ವೃತ್ತಾಂತ. ಅರಕಲಗೂಡಿಗೆ ಹೊಂದಿಕೊಂಡು ಕೊಡ್ಲಿಪೇಟೆ, ಶನಿವಾರಸಂತೆಗಳ ಕಡೆಗೆ ಹಬ್ಬಿರುವ ಈ ನಾಡನ್ನು ದೊಡ್ಡವೀರಪ್ಪರಾಜನು ಕೊಡಗಿಗೆ ಸೇರಿಸಿಕೊಂಡನು. ಚಿಕ್ಕದೇವರಾಜ ಒಡೆಯರ ಸೇನೆಯು ಇದಕ್ಕೆ ಮುಂಚೆಯೇ ಪಾಲುಪಾರೆಯಲ್ಲಿ ಕೊಡಗರಿಂದ ಸೋತಿದ್ದಿತು. ಇನ್ನೊಂದು ಯುದ್ಧಕ್ಕೆ ಬದಲಾಗಿ ಒಪ್ಪಂದವಾಯಿತು: ಸೀಮೆಯ ಒಡೆತನವು ಕೊಡಗಿಗೆ, ಹುಟ್ಟುವಳಿಯಲ್ಲಿ ಒಂದು ಪಾಲು ಮೈಸೂರಿಗೆ. ನಮ್ಮ ಅಭಿಪ್ರಾಯದಲ್ಲಿ ಇದು ಆ ಕಾಲದ ಬಹಳ ವಿವೇಕದ ಕಾರ್ಯ. ಎರಡು ಅರಮನೆಗಳಿಗೂ ಅಲ್ಲಿನ ಬೆಳೆಯಲ್ಲಿ ಪಾಲಿದ್ದುದರಿಂದ ಅದನ್ನು ಸುಡುವುದು ಯಾರಿಗೂ ಲಾಭವಲ್ಲ. ಆದರೆ ಕಾಗದದ ಪಾಲು ನಂಬಿಕೆಯಿದ್ದಷ್ಟು ದಿವಸವೇ ನಡೆಯುವುದು. ಹೈದರಾಲಿಯು ಇದೇ ಸೀಮೆಯ ಹಕ್ಕನ್ನು ನೆಪಮಾಡಿಕೊಂಡು 1765ರಲ್ಲಿ ಫಜಲುಲ್ಲಾಖಾನನನ್ನು ಕೊಡಗಿನ ಮೇಲೆ ಕಳುಹಿಸಿದನು. ಆ ಹೈದರನೇ ಮರಾಠರ ಭಯದಿಂದ ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕವನ್ನು ತೋಡಿಸಿದನು. ಗಡಿಯ ಭಯವು ಬಲಿಷ್ಠರನ್ನೂ ಬಿಟ್ಟುದಲ್ಲ.

1780ರಲ್ಲಿ ಲಿಂಗರಾಜನು ತೀರಿಕೊಳ್ಳಲಾಗಿ, ಪೋಷಕನೆಂಬ ಹೆಸರಿನಿಂದ ಹೈದರನು ಕೊಡಗಿನ ರಾಜಕುಮಾರರನ್ನು ತಂದು ಗೊರೂರಿನ ಕೋಟೆಯಲ್ಲಿ ಇರಿಸಿದನು. ಹೇಮಾವತಿಯ ದಡದ ಆ ಊರು ಹಾಸನದವರಿಗೆ ಪರಿಚಿತವೇ. 1782ರಲ್ಲಿ ಕೊಡಗರು ದಂಗೆಯೆದ್ದರು. ಟಿಪ್ಪುವು ಕುಮಾರರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಿದನು. ಅಲ್ಲಿಂದ ದೊಡ್ಡ ವೀರರಾಜೇಂದ್ರನು 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡನು.

ಕೊಡಗು 1834ರಲ್ಲಿ ಕಂಪೆನಿಯ ಕೈಸೇರಿದ ಬಳಿಕ ಸೈನ್ಯಗಳ ಓಡಾಟವು ನಿಂತಿತು. ಎರಡು ಸರಕಾರಗಳ ನಡುವಣ ಗೆರೆಯು ಮಾತ್ರ ಉಳಿಯಿತು. 1956ನೆಯ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದಾಗ ಅದು ಜಿಲ್ಲೆಯ ಗೆರೆಯಾಯಿತು. ಆ ಗೆರೆಗೆ ಸಮೀಪದಲ್ಲಿ ಕೊಡ್ಲಿಪೇಟೆಯ ಕಲ್ಲುಮಠವೂ ಕಿರಿಕೊಡ್ಲಿಮಠವೂ ಇರುವುವು. ಅರಕಲಗೂಡಿನ ಕಡೆಯಿಂದ ಅಲ್ಲಿಗೆ ಹೋಗುವ ಭಕ್ತನು ಈಗ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.