ಎಚ್‌ಎಎಲ್ ಎಚ್‌ಜೆಟಿ-36

ಎಚ್‌ಎಎಲ್ ಎಚ್‌ಜೆಟಿ-36 ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ವಿನ್ಯಾಸಗೊಳಿಸಿ ನಿರ್ಮಿಸಿದ, ಶಬ್ದಾತೀತವಲ್ಲದ ವೇಗದ ಮಧ್ಯಮ ಹಂತದ ಜೆಟ್ ತರಬೇತಿ ವಿಮಾನ. ಮೊದಲು ಇದನ್ನು ಸಿತಾರಾ ಎಂದು ಕರೆಯಲಾಗುತ್ತಿತ್ತು. ಪರಿಷ್ಕೃತ ಮಾದರಿಗೆ 2025ರ ಫೆಬ್ರವರಿಯಲ್ಲಿ ಯಶಸ್ ಎಂದು ಹೆಸರಿಡಲಾಯಿತು.

ಹಿನ್ನೆಲೆ

1964ರಲ್ಲಿ ಮೊದಲು ಹಾರಿದ ಎಚ್‌ಜೆಟಿ-16 ಕಿರಣ್ ವಿಮಾನವು ಹಲವು ದಶಕಗಳ ಕಾಲ ಭಾರತೀಯ ವಾಯುಪಡೆಯ ಪೈಲಟ್‌ಗಳ ತರಬೇತಿಗೆ ಬಳಕೆಯಾಯಿತು. ಅದರ ಸ್ಥಾನವನ್ನು ತುಂಬುವ ಉದ್ದೇಶದಿಂದ 1997ರಲ್ಲಿ ಹೊಸ ವಿಮಾನದ ವಿನ್ಯಾಸ ಕಾರ್ಯ ಆರಂಭವಾಯಿತು. 1999ರಲ್ಲಿ ಎರಡು ಮೂಲಮಾದರಿಗಳ ನಿರ್ಮಾಣಕ್ಕೆ ಸರ್ಕಾರದ ಅನುಮೋದನೆ ದೊರೆಯಿತು.

ವಿನ್ಯಾಸ

ಕಿರಣ್‌ನಲ್ಲಿ ಬೋಧಕ ಮತ್ತು ಶಿಕ್ಷಣಾರ್ಥಿ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಎಚ್‌ಜೆಟಿ-36ರಲ್ಲಿ ಆಸನಗಳು ಒಂದರ ಹಿಂದೆ ಒಂದಿವೆ. ಹಿಂಬದಿಯ ಆಸನವು ತುಸು ಎತ್ತರದಲ್ಲಿರುವುದರಿಂದ ಬೋಧಕನಿಗೂ ಮುಂದಿನ ನೋಟ ಸಿಗುತ್ತದೆ. ರೆಕ್ಕೆಗಳು ಕೆಳಭಾಗದಲ್ಲಿ ಜೋಡಣೆಗೊಂಡಿದ್ದು, ಎಂಜಿನ್‌ಗೆ ಗಾಳಿ ಒಳಬರುವ ದ್ವಾರಗಳು ಎರಡೂ ಪಾರ್ಶ್ವಗಳಲ್ಲಿವೆ.

ಹಾರಾಟ ಪರೀಕ್ಷೆಗಳು

ಮೊದಲ ಮೂಲಮಾದರಿಯು 2003ರ ಮಾರ್ಚ್ 7ರಂದು ಬೆಂಗಳೂರಿನಲ್ಲಿ ಹಾರಿತು; ಎರಡನೆಯದು 2004ರ ಮಾರ್ಚ್‌ನಲ್ಲಿ ಹಾರಿತು. ಆರಂಭದಲ್ಲಿ ಫ್ರಾನ್ಸ್‌ನ ಲಾರ್ಜಾಕ್ ಎಂಜಿನ್ ಅಳವಡಿಸಲಾಗಿತ್ತು. ಹೆಚ್ಚಿನ ನೂಕುಬಲದ ಅಗತ್ಯದಿಂದ ರಷ್ಯಾದ ಎಎಲ್-55ಐ ಎಂಜಿನ್ ಆಯ್ಕೆಯಾಯಿತು. ಅದರೊಂದಿಗಿನ ಮೊದಲ ಹಾರಾಟ 2009ರ ಮೇ ತಿಂಗಳಲ್ಲಿ ನಡೆಯಿತು.

ಈ ಅವಧಿಯಲ್ಲಿ ಹಲವು ಅವಘಡಗಳು ಸಂಭವಿಸಿದವು. 2007ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ, ಮೇಲೇರಲು ಓಡುತ್ತಿದ್ದಾಗ ಕಾಕ್‌ಪಿಟ್‌ನ ಮೇಲ್ಹೊದಿಕೆ ತೆರೆದುಕೊಂಡು ವಿಮಾನವು ರನ್‌ವೇಯಿಂದ ಜಾರಿತು. 2011ರ ಏಪ್ರಿಲ್‌ನಲ್ಲಿ ಒಂದು ಮೂಲಮಾದರಿಯು ತಮಿಳುನಾಡಿನ ಕೃಷ್ಣಗಿರಿ ಬಳಿ ಪತನಗೊಂಡಿತು. ಅದರಲ್ಲಿದ್ದ ಪೈಲಟ್‌ಗಳಿಬ್ಬರೂ ಹೊರಚಿಮ್ಮಿ ಪಾರಾದರು.

ಗಿರಕಿಯ ಸಮಸ್ಯೆ

ರೆಕ್ಕೆಗಳು ಎತ್ತುವಬಲ ಕಳೆದುಕೊಂಡಾಗ ವಿಮಾನವು ಸುತ್ತುತ್ತ ಕೆಳಗಿಳಿಯುವುದನ್ನು ಗಿರಕಿ (ಸ್ಪಿನ್) ಎನ್ನುತ್ತಾರೆ. ಶಿಕ್ಷಣಾರ್ಥಿಯು ತಪ್ಪು ಮಾಡುವುದು ಸಹಜವಾದ ಕಾರಣ, ತರಬೇತಿ ವಿಮಾನವು ಈ ಸ್ಥಿತಿಯಿಂದ ಖಚಿತವಾಗಿ ಚೇತರಿಸಿಕೊಳ್ಳಬೇಕು. ಎಚ್‌ಜೆಟಿ-36 ಈ ಗುಣವನ್ನು ತೃಪ್ತಿಕರವಾಗಿ ತೋರದಿದ್ದುದು ಯೋಜನೆಯ ದೀರ್ಘ ವಿಳಂಬಕ್ಕೆ ಪ್ರಮುಖ ಕಾರಣವಾಯಿತು. 2016ರ ವೇಳೆಗೆ ಗಿರಕಿ ಪರೀಕ್ಷೆಗಳು ಸ್ಥಗಿತಗೊಂಡಿದ್ದವು. ಅನಂತರ ಲಂಬ ಬಾಲವನ್ನು ಹಿಂದಕ್ಕೆ ಸರಿಸಿ, ಚುಕ್ಕಾಣಿಯ ವಿಸ್ತೀರ್ಣವನ್ನು ಹೆಚ್ಚಿಸಲಾಯಿತು. ಮಾರ್ಪಾಡುಗೊಂಡ ವಿಮಾನವು 2019ರ ಏಪ್ರಿಲ್‌ನಲ್ಲಿ ಹಾರಿತು. ಎಡಕ್ಕೂ ಬಲಕ್ಕೂ ಆರು ಸುತ್ತುಗಳ ಗಿರಕಿಯಿಂದ ಚೇತರಿಸಿಕೊಳ್ಳುವ ಸಾಮರ್ಥ್ಯವನ್ನು ವಿಮಾನವು ತೋರಿಸಿದೆಯೆಂದು ಎಚ್‌ಎಎಲ್ 2022ರ ಜನವರಿಯಲ್ಲಿ ಪ್ರಕಟಿಸಿತು.

ಪರಿಣಾಮ

ವಾಯುಪಡೆಗಾಗಿ ಸೀಮಿತ ಸರಣಿಯ 12 ವಿಮಾನಗಳಿಗೆ ಬೇಡಿಕೆ ಬಂದಿದ್ದು, 73 ವಿಮಾನಗಳ ಹೆಚ್ಚುವರಿ ಉತ್ಪಾದನೆಯ ಯೋಜನೆಯಿತ್ತು. ಆದರೆ ವಿಮಾನವು ಸಕಾಲದಲ್ಲಿ ಸೇವೆಗೆ ಸೇರಲಿಲ್ಲ. ಹೀಗಾಗಿ ನಿವೃತ್ತಿಯ ಅಂಚಿನಲ್ಲಿದ್ದ ಕಿರಣ್ ವಿಮಾನಗಳನ್ನೇ ವಾಯುಪಡೆಯು ನಿರೀಕ್ಷೆಗಿಂತ ಹೆಚ್ಚು ಕಾಲ ಬಳಸಬೇಕಾಯಿತು.